ಸಕಲೇಶಪುರದ ಸಮುದಾಯ ಭವನಕ್ಕೆ ಬಂದ ಮೇಸ್ತ್ರಿಯವರಿಗೆ

ಹೆಸರು ಹೇಳದೆ, ಕೂಲಿ ಮುಟ್ಟದೆ ನಮ್ಮ ಹುಡುಗ ಹುಡುಗಿಯರಿಗೆ ಗಾರೆ ಕೆಲಸ ಕಲಿಸಿ ಹೋದಿರಲ್ಲ ಮೇಸ್ತ್ರಿಯವರೇ, ನಿಮಗೆ ಊರಿನವರೆಲ್ಲರ ನಮಸ್ಕಾರ.

ಹಳೆಯ ಮಣ್ಣಿನ ಗೋಡೆಗೆ ಸಿಮೆಂಟ್ ಏಕೆ ನಿಲ್ಲದು ಎಂಬುದನ್ನು ಗೋಡೆ ಕೆದಕಿಯೇ ತೋರಿಸಿದಿರಿ. ಮಲೆನಾಡಿನ ಮಳೆಗೆ ಗೋಡೆ ಹೀರಿದ ತೇವ ಸಿಮೆಂಟಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ಮಣ್ಣು ಮೆತ್ತಗಾಗಿ ಪದರವೇ ಕಳಚಿ ಬೀಳುತ್ತದೆ. ಬೆರಳ ಗಂಟಿನಿಂದ ತಟ್ಟಿ, ಟೊಳ್ಳು ಸದ್ದು ಬಂದಲ್ಲೆಲ್ಲ ಕಿತ್ತು, ಧೂಳು ಗುಡಿಸಿ, ನೀರು ಚಿಮುಕಿಸಿದ ಮೇಲೆಯೇ ಗಾರೆ. ಚೆನ್ನಾಗಿ ನೆನೆದ ಸುಣ್ಣ 1 ಪಾಲು, ಜರಡಿ ಹಿಡಿದ ಮರಳು 3 ಪಾಲು. ಒಂದು ಸಲಕ್ಕೆ 10–12 ಮಿಲಿಮೀಟರ್ ದಪ್ಪ ಸಾಕು. ಹೆಚ್ಚಾದರೆ ಜೋತುಬಿದ್ದು ಬಿರುಕು ಬಿಡುತ್ತದೆ. ಬಿಸಿಲಿಗೆ ಬೇಗ ಒಣಗಿದರೂ ಬಿರುಕೇ. ಅದಕ್ಕೇ ಒದ್ದೆ ಗೋಣಿ ಇಳಿಬಿಟ್ಟು ವಾರವಿಡೀ ತೇವ ಆರದಂತೆ ನೋಡಿಕೊಂಡಿರಿ. ಸುಣ್ಣ ಹಾರಿದರೆ ಕಣ್ಣೇ ಹೋದೀತೆಂದು, ಕನ್ನಡಕ, ಕೈಗವಸು ಇಲ್ಲದವರನ್ನು ಹತ್ತಿರಕ್ಕೂ ಬಿಡಲಿಲ್ಲ. ಇದು ನಮಗೆ ಬಹಳ ಹಿಡಿಸಿತು.

ಗಾರೆ ಮೆತ್ತುವ ಕರಣೆ ಹಿಡಿಯಲೂ ಬಾರದಿದ್ದವರು ಈಗ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ಗೋಡೆಯ ನೇರ ನೋಡುತ್ತಾರೆ.

ಮಳೆಗಾಲಕ್ಕೆ ಮೊದಲು ಭವನದ ಮಾಡಿನ ರೀಪು, ಅಂದರೆ ಹೆಂಚು ಕೂರುವ ಮರದ ಪಟ್ಟಿ, ಬದಲಿಸಿ ಹೆಂಚು ಹೊದಿಸಬೇಕು. ದಯವಿಟ್ಟು ಬನ್ನಿ, ಈ ಸಲ ಊಟವನ್ನಾದರೂ ನಮ್ಮ ಮನೆಗಳಲ್ಲೇ ಮಾಡಬೇಕು.