ಹಜ್ ಯಾತ್ರಿಕರ ಆರೋಗ್ಯ ನೋಡಿ ಆಮೇಲೆ ಸಹಿ ಹಾಕಿಸಿ: ಹಜ್ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಹಜ್ ಖಾತೆ ಸಚಿವರಿಗೆ,

ನಮಸ್ಕಾರ. ಹಜ್‌ಗೆ ಹೋಗುವವರು ಸರ್ಕಾರಿ ವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡಬೇಕು ಅನ್ನುವ ನಿಯಮ ನಿಮಗೆ ಗೊತ್ತೇ ಇದೆ. ಆ ಸಹಿ ಹೇಗೆ ಬೀಳುತ್ತೆ ಅನ್ನೋದನ್ನೂ ಕೇಳಿ.

ನಮ್ಮ ಅಮ್ಮಿ 2024ರಲ್ಲಿ ಅಬ್ಬಾ ಜೊತೆ ಹಜ್‌ಗೆ ಹೋದರು. ಅಮ್ಮಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಪಾದ ಜೋಮು ಹಿಡಿದಂತೆ ಇರುತ್ತಿತ್ತು. ಆಸ್ಪತ್ರೆಯಲ್ಲಿ ವೈದ್ಯರು ಹೆಸರು, ವಯಸ್ಸು ಕೇಳಿ ಸಹಿ ಹಾಕಿದರು. ಬಿಪಿ ನೋಡಲಿಲ್ಲ, ಸಕ್ಕರೆ ನೋಡಲಿಲ್ಲ. ಪಾದ ನೋಡುವ ಮಾತು ಬಿಡಿ.

ಮಕ್ಕಾದಲ್ಲಿ ಒಂದು ಮಧ್ಯಾಹ್ನ ಹರಮ್ ಅಂದರೆ ದೊಡ್ಡ ಮಸೀದಿಯ ಬಾಗಿಲ ಹತ್ತಿರ ಬಿಟ್ಟಿದ್ದ ಚಪ್ಪಲಿ ಸಿಗಲಿಲ್ಲ. ಆ ಜನಸಂದಣಿಯಲ್ಲಿ ಇದು ದಿನಾ ಆಗುವಂಥದ್ದು. ಅಮ್ಮಿ ಬರಿಗಾಲಲ್ಲೇ ಬಸ್ಸಿನವರೆಗೆ ನಡೆದರು. ಒಳಗಿನ ಬಿಳಿ ಕಲ್ಲು ತಣ್ಣಗಿರುತ್ತೆ, ಹೊರಗಿನ ರಸ್ತೆ ಕಾದಿರುತ್ತೆ. ಸುಡುತ್ತಿರುವುದು ಅವರಿಗೆ ತಿಳಿಯಲೇ ಇಲ್ಲ. ರಾತ್ರಿ ಅಬ್ಬಾ ನೋಡಿದಾಗ ಅಂಗಾಲಿನ ಚರ್ಮ ಎದ್ದುಬಂದಿತ್ತು. ಆಮೇಲೆ ಕೀವು, ಜ್ವರ, ಆಸ್ಪತ್ರೆ. ಯಾತ್ರಿಕರನ್ನು ನೋಡಿಕೊಳ್ಳಲು ನಮ್ಮ ಗುಂಪಿನ ಜೊತೆ ಹೋಗಿದ್ದ ಸೇವಕರಿಗೆ ಫೋನ್ ಮೇಲೆ ಫೋನ್ ಮಾಡಿದೆವು. ಎತ್ತಲಿಲ್ಲ. ಅರಬಿ ಬರದ ಅಬ್ಬಾ, ಅಮ್ಮಿಯ ಮಾತ್ರೆ ಚೀಟಿ ಹಿಡಿದು ಅಲ್ಲಿ ಒಬ್ಬರೇ ನಿಂತಿದ್ದರು. ಅಮ್ಮಿ ಎರಡು ಬೆರಳು ಕಳೆದುಕೊಂಡು ಊರಿಗೆ ಬಂದರು.

ಸಾಹೇಬರೇ, ಪರೀಕ್ಷೆ ಮಾಡಿಸಿ. ಬೇರೇನೂ ಕೇಳುತ್ತಿಲ್ಲ.

ಆ ವರ್ಷ ಜೂನ್ 17ರಂದು ಮಕ್ಕಾದಲ್ಲಿ 51.8 ಡಿಗ್ರಿ ಬಿಸಿಲಿತ್ತು. ಸೌದಿ ಸರ್ಕಾರವೇ 1,301 ಜನ ತೀರಿಕೊಂಡರು ಅಂತ ಹೇಳಿತು. ಅವರಲ್ಲಿ ಜಾಸ್ತಿ ಜನ ಪರವಾನಗಿ ಇಲ್ಲದೆ ಬಂದವರು, ನಿಜ. ಆದರೆ ಭಾರತದವರು 98 ಜನ ತೀರಿಕೊಂಡರು ಅಂತ ನಮ್ಮ ವಿದೇಶಾಂಗ ಇಲಾಖೆ ಲೆಕ್ಕ ಕೊಟ್ಟಾಗ ಹೇಳಿದ ಕಾರಣ ಹಳೆಯ ಕಾಯಿಲೆ, ವಯಸ್ಸು. ಹಳೆಯ ಕಾಯಿಲೆ ಅಂದರೆ ಊರಲ್ಲೇ ಗೊತ್ತಾಗಬೇಕಾದದ್ದು ಅಲ್ವಾ?

ಹಜ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತಾ ಚಳಿಗಾಲದ ಕಡೆ ಸರಿಯುತ್ತೆ, ಇನ್ನು ಬಿಸಿಲು ಕಡಿಮೆ ಅಂತ ಯಾರಾದರೂ ನಿಮಗೆ ಹೇಳಬಹುದು. ನಂಬಿ ಕೂರಬೇಡಿ. ಹೃದಯದ ತೊಂದರೆ, ನ್ಯುಮೋನಿಯಾ ಬಿಸಿಲಿಗಾಗಿ ಕಾಯುವುದಿಲ್ಲ. ಮಿನಾ, ಅರಫಾತ್, ಮುಜ್ದಲಿಫಾ ಅಂತ ಹಜ್ ವಿಧಿಗಳ ಜಾಗಗಳಿಗೆ ದಿನಗಟ್ಟಲೆ ನಡಿಗೆ, ನಿದ್ದೆ ಇಲ್ಲ, ಒಬ್ಬರ ಕೆಮ್ಮು ಇಡೀ ಡೇರೆಗೆ. ಮೆನಿಂಜೈಟಿಸ್ ಲಸಿಕೆಯನ್ನು ತಪ್ಪದೆ ಹಾಕುತ್ತೀರಿ. ಅದೇ ದಿನ ಸಕ್ಕರೆ, ಬಿಪಿ, ಇಸಿಜಿ, ಪಾದ ನೋಡೋಕೆ ಏನು ಕಷ್ಟ? ಲಸಿಕೆಯ ದಿನ ತಡವಾಗುತ್ತೆ ಅಂದರೆ ಹೆಸರು ಆಯ್ಕೆಯಾದ ತಿಂಗಳಲ್ಲೇ ನೋಡಿ. ಮಾತ್ರೆ ಬದಲಿಸಲು, ಕಾಲು ವಾಸಿಮಾಡಲು ಸಮಯ ಸಿಗುತ್ತೆ.

ಯಾರನ್ನೂ ತಡೆಯಿರಿ ಅನ್ನುತ್ತಿಲ್ಲ. ಜೀವಮಾನವೆಲ್ಲ ದುಡ್ಡು ಕೂಡಿಟ್ಟು ಹೋಗುವವರು ಅವರು. ಪರೀಕ್ಷೆ ಮಾಡಿ ಕಳಿಸಿ. ಕಾಯಿಲೆ ಇರುವವರ ಪಟ್ಟಿಯನ್ನು ಜೊತೆಗೆ ಹೋಗುವ ಸೇವಕರ ಕೈಗೆ ಕೊಡಿ. ಫೋನ್ ಎತ್ತದವರನ್ನು ಮತ್ತೆ ಕಳಿಸಬೇಡಿ.

ಜಿಲ್ಲಾ ಕಚೇರಿಗೆ ಕೊಟ್ಟ ಅರ್ಜಿಗಳಿಗೆ ಉತ್ತರ ಬಂದಿಲ್ಲ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಮುಂದಿನ ಹಜ್‌ನ ಸರ್ಟಿಫಿಕೇಟ್‌ಗಳಿಗೆ ಸಹಿ ಬೀಳುವ ಮೊದಲು ಪ್ರತಿ ತಾಲ್ಲೂಕು ಆಸ್ಪತ್ರೆಗೂ ಲಿಖಿತ ಆದೇಶ ಹೋಗಲಿ. ಅದರ ಪ್ರತಿಯನ್ನು ಹಜ್ ಭವನದ ಬೋರ್ಡಿನಲ್ಲಿ ಹಾಕಿಸಿ.

ಇಂತಿ,
ಹಾವೇರಿ ಜಿಲ್ಲೆಯ ಒಬ್ಬ ಹಾಜಿಯಮ್ಮನ ಮಗ