ನಂಜು ಬದನೆಕಾಯಿಯದ್ದಲ್ಲ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನನ್ನ ತಂಗಿಗೆ ಸಿಸೇರಿಯನ್ ಆಗಿ ಒಂಬತ್ತನೇ ದಿನ, ಅವಳ ಹೊಟ್ಟೆಗೆ ಸುತ್ತಿದ್ದ ಹಳೇ ಸೀರೆ ಬಟ್ಟೆಯನ್ನು ಅಮ್ಮ ಬಿಚ್ಚಿದಾಗ ವಾಸನೆ ಬಂತು. ಒಳಮಡಿಕೆ ಹಳದಿಯಾಗಿತ್ತು. ಅಮ್ಮನೇ ಹಚ್ಚಿದ ಅರಿಶಿನವಿರಬೇಕು ಅಂದುಕೊಂಡೆವು. ಅದು ಕೀವು. ಹೊಲಿಗೆಯ ಎಡತುದಿ ಬೆರಳಗಲ ಬಾಯಿಬಿಟ್ಟಿತ್ತು. ಎರಡು ದಿನದಿಂದ ಬರುತ್ತಿದ್ದ ಜ್ವರಕ್ಕೆ ಎದೆಹಾಲು ಕಟ್ಟಿದ್ದೇ ಕಾರಣ ಎಂದು ಸುಮ್ಮನಿದ್ದೆವು. ಮತ್ತೆ ಆಸ್ಪತ್ರೆ ಸೇರಿ, ಗಾಯ ತೊಳೆಸಿ, ಇನ್ನೊಮ್ಮೆ ಹೊಲಿಗೆ ಹಾಕಿಸಿಕೊಂಡು ಬರುವಷ್ಟರಲ್ಲಿ ಹದಿನೇಳು ದಿನ. ತಾಯಿ, ಮಗು ಈಗ ಚೆನ್ನಾಗಿದ್ದಾರೆ.

ಅಮ್ಮನ ಮೇಲೆ ರೇಗಿದೆ. ಆಮೇಲೆ ಡಿಸ್ಚಾರ್ಜ್ ಚೀಟಿ ತೆಗೆದು ನೋಡಿದೆ. ಮೂರು ಮಾತ್ರೆಗಳ ಹೆಸರು, ಗಾಯದ ಬಗ್ಗೆ ಇಂಗ್ಲಿಷಿನಲ್ಲಿ ಗೀಚಿದ ಒಂದು ಸಾಲು. ಓದಿದ ನನಗೇ ಅದನ್ನು ಬಿಡಿಸಲಾಗಲಿಲ್ಲ. ಬಾಯಲ್ಲಿ ಹೇಳಿದ್ದು "ನೀರು ತಾಗಿಸಬೇಡಿ" ಅಂತ ಮಾತ್ರ. ಎಷ್ಟು ದಿನ? ಬಾಣಂತಿಗೆ ಹಂಡೆ ನೀರು ಹುಯ್ಯದ ಮನೆ ನಮ್ಮ ಕಡೆ ಇದೆಯೇ? ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆ, ಆಮೇಲೆ ಬಿಗಿಯಾಗಿ ಹೊಟ್ಟೆಕಟ್ಟು. ಅಮ್ಮ ನಾಲ್ಕು ಬಾಣಂತನ ಮಾಡಿದವರು, ನಾಲ್ಕೂ ನಾರ್ಮಲ್ ಹೆರಿಗೆ. ಹೊಟ್ಟೆ ಕೊಯ್ದವಳ ಬಾಣಂತನ ಬೇರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸಿಸೇರಿಯನ್ ಹೆರಿಗೆ ಶೇ. 23.6 ಇತ್ತು. 2019-21ರಲ್ಲಿ ಶೇ. 31.5. ಹೆರಿಗೆ ಬದಲಾಗಿದೆ, ಬಾಣಂತನ ಅಲ್ಲೇ ನಿಂತಿದೆ.

ಅಮ್ಮನಿಗೆ ನಂಜು ಎಂದರೆ ಬದನೆಕಾಯಿ, ಕುಂಬಳಕಾಯಿ, ಮೊಟ್ಟೆ. ಹಾಗಾಗಿ ತಂಗಿಗೆ ಒಂಬತ್ತು ದಿನವೂ ಮೆಣಸಿನ ಸಾರು, ಅನ್ನ. ಗಾಯ ಕೂಡಲು ಬೇಕಾದ ಬೇಳೆ, ಮೊಟ್ಟೆಗಳೇ ಪಥ್ಯದ ಹೆಸರಲ್ಲಿ ತಟ್ಟೆ ಬಿಟ್ಟುಹೋಗಿದ್ದವು. ಒದ್ದೆ ಬಟ್ಟೆ, ತೊಳೆಯದ ಕೈ ಯಾರ ಲೆಕ್ಕಕ್ಕೂ ಬರಲಿಲ್ಲ. ಸೋಂಕು ಥಿಯೇಟರಿನಲ್ಲೇ ತಗುಲಿತೋ ಮನೆಯಲ್ಲೋ, ಡಾಕ್ಟರಿಗೂ ಖಾತ್ರಿಯಿಲ್ಲ. ಇಂಥ ಗಾಯ 30 ದಿನದೊಳಗೆ ಯಾವಾಗಲಾದರೂ ಕೀವಾಗಬಹುದು ಅಂದರು. ಆ ದಿನಗಳಲ್ಲಿ ಹೆಚ್ಚಿನವು ಕಳೆಯುವುದು ಮನೆಯಲ್ಲೇ ತಾನೆ?

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಡ್ರಿಪ್ ದ್ರಾವಣದ ಗುಣಮಟ್ಟದ ಬಗ್ಗೆ ರಾಜ್ಯವೆಲ್ಲ ಮಾತಾಡಿತು, ಮಾತಾಡಲೇಬೇಕಿತ್ತು. ಅದು ಆಸ್ಪತ್ರೆಯೊಳಗಿನ ಮಾತಾಯಿತು. ಗೇಟು ದಾಟಿದ ಮೇಲಿನದ್ದನ್ನು ಯಾರು ಕೇಳುತ್ತಾರೆ?

ಸಿಸೇರಿಯನ್ ಆದವರ ಮನೆಗೆ ಆಶಾ ಕಾರ್ಯಕರ್ತೆ 7, 14, 21, 28, 42ನೇ ದಿನ ಬರಬೇಕು. ನಮ್ಮ ಆಶಾ ಏಳನೇ ದಿನ ತಪ್ಪದೆ ಬಂದರು. ಮಗುವನ್ನು ತೂಗಿದರು, ಮೈ ಬಿಸಿ ನೋಡಿದರು, ಹೊಕ್ಕಳು ನೋಡಿದರು. ತಾಯಿಯ ಹೊಲಿಗೆ ನೋಡಲಿಲ್ಲ. ಅವರನ್ನು ದೂರುತ್ತಿಲ್ಲ, ಆಶಾ ಮನೆಗೆ ಬರುವ ಆ ಯೋಜನೆಯ ಹೆಸರಲ್ಲಿರುವುದೇ ನವಜಾತ ಶಿಶು.

ನಾನು ಕೇಳುವುದಕ್ಕೆ ಹೊಸ ಕಟ್ಟಡ ಬೇಡ. ತಾಯಿ ಕಾರ್ಡಿನಲ್ಲಿ ಒಂದು ಪುಟ ಕೊಡಿ, ಕನ್ನಡದಲ್ಲಿ, ಚಿತ್ರದೊಂದಿಗೆ. ಗಾಯ ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಡ್ರೆಸ್ಸಿಂಗ್ ತೆಗೆದು, ಸ್ನಾನ ಮಾಡಬಹುದು ಎಂದು ಡಾಕ್ಟರ್ ಹೇಳಿದ ಮೇಲೆ ಉಜ್ಜದೆ ನೀರು ಹರಿಸಿ, ಒಗೆದ ಬಟ್ಟೆಯಿಂದ ಒತ್ತಿ ಒಣಗಿಸಿ. ಹೊಟ್ಟೆಯ ಮಡಿಕೆಯಡಿ ಬೆವರು ನಿಲ್ಲದಿರಲಿ. ಅರಿಶಿನ, ಎಣ್ಣೆ, ಪೌಡರ್ ಯಾವುದೂ ಬೇಡ. ಕೆಂಪು ಹರಡಿದರೆ, ನೋವು ಇಳಿಯುವ ಬದಲು ಏರಿದರೆ, ಕೀವು ಅಥವಾ ವಾಸನೆ ಬಂದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಇಷ್ಟೇ.

ಇದನ್ನು ನಿದ್ದೆಗೆಟ್ಟ ಬಾಣಂತಿಗೊಬ್ಬಳಿಗೇ ಹೇಳಿ ಕಳಿಸಬೇಡಿ. ಬಾಣಂತನ ಮಾಡುವವರನ್ನು, ತಾಯಿಯೋ ಅತ್ತೆಯೋ, ಡಿಸ್ಚಾರ್ಜ್ ದಿನ ಹತ್ತು ನಿಮಿಷ ಕೂರಿಸಿ ನರ್ಸಮ್ಮ ಹೇಳಲಿ, ತಿರುಗಿ ಅವರ ಬಾಯಲ್ಲೇ ಹೇಳಿಸಲಿ. ಆಶಾ ಅವರ ಫಾರಮ್ಮಿನಲ್ಲಿ "ಹೊಲಿಗೆ ನೋಡಿದೆ" ಎಂಬ ಒಂದು ಕಾಲಂ ಸೇರಲಿ.

ಮಾದರಿ ಪುಟವೊಂದನ್ನು ನಾನೇ ಬರೆದು, ನಮ್ಮೂರಿನ ನರ್ಸಮ್ಮನಿಂದ ತಿದ್ದಿಸಿ ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಚಿತ್ರ ಬಿಡಿಸಿದವಳೂ ನಾನೇ, ಅಷ್ಟೇನೂ ಚೆನ್ನಾಗಿಲ್ಲ. ಅದನ್ನು ಬೇರೆಯವರಿಂದ ಬರೆಸಿಕೊಳ್ಳಿ.

ಇತಿ,
ಒಬ್ಬ ಬಾಣಂತಿಯ ಅಕ್ಕ