ಮೇನ್ ಸ್ವಿಚ್ ಆರಿಸಿದರೆ ಪರಿಸರ ಉಳಿಯುತ್ತದೆಯೇ?

ಮಾನ್ಯ ಸಂಪಾದಕರೇ,

ವಸ್ತುಸಂಗ್ರಹಾಲಯದ ಹಸ್ತಪ್ರತಿ ವಿಭಾಗದಲ್ಲಿ ಶೋಕೇಸುಗಳ ಗಾಜು ಬೆವರಿ ಎರಡು ದಿನದಿಂದ ಬಾಗಿಲು ಹಾಕಿರುವ ಸುದ್ದಿಯನ್ನು ನಿಮ್ಮ ಮಂಗಳವಾರದ ಸಂಚಿಕೆಯಲ್ಲಿ ಓದಿದೆ. ಸುದ್ದಿಗಿಂತ ಹೆಚ್ಚು ಕೆರಳಿಸಿದ್ದು ಅದರ ಕೊನೆಗೆ ಅಧಿಕಾರಿಗಳು ಕೊಟ್ಟ ಸಮಜಾಯಿಷಿ. ಪರಿಸರಸ್ನೇಹಿ ಕ್ರಮವೆಂದು ರಾತ್ರಿ ಎ.ಸಿ. ನಿಲ್ಲಿಸಿದ್ದರಿಂದ ಹೀಗಾಯಿತಂತೆ, ಇನ್ನು ಮುಂದೆ ಹಗಲೂ ರಾತ್ರಿ ಓಡಿಸುತ್ತಾರಂತೆ. ಎಡವಿದವರು ಇವರು, ಬೈಗುಳ ಪರಿಸರಕ್ಕೆ!

ರಾತ್ರಿ ಎ.ಸಿ. ನಿಲ್ಲಿಸುವುದು ತಪ್ಪಲ್ಲ. ಸಂಗ್ರಹಗಳ ಸಂರಕ್ಷಣೆ ಕುರಿತು ಸಂಶೋಧನೆ ನಡೆಸುವ, ಅಮೆರಿಕದ ರಾಚೆಸ್ಟರ್‌ನಲ್ಲಿರುವ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ಗ್ರಂಥಾಲಯಗಳಲ್ಲಿ ಇದನ್ನೇ ಪರೀಕ್ಷಿಸಿ ನೋಡಿದೆ. ಆದರೆ ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಹೊರಗಾಳಿಯನ್ನು ಒಳಬಿಡುವ ಕದ, ಅಂದರೆ ಡ್ಯಾಂಪರ್ ಮುಚ್ಚಬೇಕು. ಎಕ್ಸಾಸ್ಟ್ ಫ್ಯಾನ್ ಆರಿಸಬೇಕು. ಗಾಳಿ ಊದುವ ಬ್ಲೋವರ್ ನಿಲ್ಲಿಸುವುದು ಅದಾದ ಮೇಲೆ. ಹಾಗೆ ಮುಚ್ಚಿದ ಕೋಣೆ ಬೆಳಗಾಗುವಷ್ಟರಲ್ಲಿ ಒಂದೆರಡು ಡಿಗ್ರಿ ಬೆಚ್ಚಗಾದೀತು, ಅಷ್ಟೇ. ಹೊಸ ಆವಿ ಒಳಗೆ ಬರದಿದ್ದರೆ ಗಾಳಿ ಬೆಚ್ಚಗಾದಂತೆ ಸಾಪೇಕ್ಷ ತೇವಾಂಶ (ಗಾಳಿ ಹಿಡಿಯಬಲ್ಲ ಆವಿಯಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕ) ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಇಲ್ಲಿ ಆಗಿದ್ದೇನು? ಶೌಚಾಲಯದ ಎಕ್ಸಾಸ್ಟ್ ಇಡೀ ರಾತ್ರಿ ಓಡಿದೆ ಎಂದು ನಿಮ್ಮ ವರದಿಯೇ ಹೇಳುತ್ತದೆ. ಒಳಗಿನ ಗಾಳಿಯನ್ನು ಅದು ಹೊರಗೆ ತಳ್ಳಿದಷ್ಟೂ ತೆರೆದ ಡ್ಯಾಂಪರ್‌ನಿಂದ, ಕಿಟಕಿಯ ಸಂದಿನಿಂದ, ಬಾಗಿಲಿನ ಅಡಿಯಿಂದ ಮಳೆಗಾಲದ ಗಾಳಿ ಒಳನುಗ್ಗಿದೆ. ಹೊರಗೆ 24 ಡಿಗ್ರಿ, ತೇವಾಂಶ ಶೇ 90 ಇತ್ತೆಂದುಕೊಳ್ಳಿ. ಆ ಗಾಳಿ 22 ಡಿಗ್ರಿಗೆ ಇಳಿದರೆ ಸಾಕು, ಅದರೊಳಗಿನ ಆವಿ ನೀರಾಗುತ್ತದೆ. ಹಗಲೆಲ್ಲ 20 ಡಿಗ್ರಿಯಲ್ಲಿ ತಣ್ಣಗೆ ಕೂತಿದ್ದ ಗಾಜು ಬೆವರದೆ ಇನ್ನೇನು ಮಾಡೀತು? ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ನೋಡಿದ ಯಾರಿಗಾದರೂ ಇದು ಗೊತ್ತು.

ಬೆಳಿಗ್ಗೆ ಬಂದವರು ಇನ್ನೊಂದು ಪ್ರತಾಪ ಮೆರೆದರು. ಗಾಬರಿಯಲ್ಲಿ ಥರ್ಮೋಸ್ಟಾಟನ್ನು 16ಕ್ಕೆ ತಿರುಗಿಸಿದರು. 16ಕ್ಕೆ ತಿರುಗಿಸಿದರೆ ಕೋಣೆ ಬೇಗ ತಂಪಾಗುವುದಿಲ್ಲ, ಯಂತ್ರ ಮೊದಲಿನ ವೇಗದಲ್ಲೇ ಇನ್ನಷ್ಟು ಹೊತ್ತು ಓಡುತ್ತದೆ. ಗಾಜು ಮತ್ತಷ್ಟು ತಣ್ಣಗಾಗಿ ಮುಂದಿನ ಬೆವರಿಗೆ ತಯಾರಾಗುತ್ತದೆ. ರಾತ್ರಿಯಿಡೀ ತೇವ ಕುಡಿದು ಉಬ್ಬಿದ ಕಾಗದ, ಮರ, ದಂತ ಎಲ್ಲವೂ ಕೆಲವೇ ಗಂಟೆಗಳಲ್ಲಿ ಕುಗ್ಗಬೇಕು. ಬಿರುಕು ಬಿಡುವುದು ಇಂಥ ಜಗ್ಗಾಟದಲ್ಲೇ.

ಅಸಲಿಗೆ 20 ಡಿಗ್ರಿ ಉಷ್ಣತೆ, ಶೇ 50 ತೇವಾಂಶ ಎಂಬ ಈ ಮಂತ್ರವನ್ನು ಇವರಿಗೆ ಉಪದೇಶಿಸಿದವರು ಯಾರು? ಹಳೆಯ ಟೆಂಡರ್ ಕಾಗದದಿಂದ ಹೊಸ ಟೆಂಡರ್ ಕಾಗದಕ್ಕೆ ಅದು ನಕಲಾಗುತ್ತಲೇ ಬಂದಿದೆ. ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳ ನಿರ್ದೇಶಕರ ಬಿಜೋ ಗುಂಪು ಈ ಬಿಗಿಯನ್ನು ಸಡಿಲಿಸಿ ಹತ್ತು ವರ್ಷ ದಾಟಿತು. ಬಹುಪಾಲು ವಸ್ತುಗಳಿಗೆ ಉಷ್ಣತೆ 16ರಿಂದ 25 ಡಿಗ್ರಿ, ತೇವಾಂಶ ಶೇ 40ರಿಂದ 60, 24 ಗಂಟೆಯಲ್ಲಿ ತೇವಾಂಶದ ಏರಿಳಿತ ಶೇಕಡಾ ಹತ್ತು ಅಂಶ ಮೀರದಿದ್ದರೆ ಸಾಕು ಎನ್ನುತ್ತದೆ ಅವರ ಸೂತ್ರ. ಇದರಿಂದ ಉಳಿತಾಯ ಹೇಗೆಂದರೆ, 20 ಡಿಗ್ರಿಯಲ್ಲಿ ಶೇ 50 ಹಿಡಿದಿಡಬೇಕಾದರೆ ಗಾಳಿಯನ್ನು ಸುಮಾರು 9 ಡಿಗ್ರಿಗೆ ತಣಿಸಿ ನೀರು ಹಿಂಡಬೇಕು, ಆಮೇಲೆ ಹೀಟರ್ ಹಚ್ಚಿ ಮತ್ತೆ ಬಿಸಿ ಮಾಡಬೇಕು. ಒಂದೇ ಪೆಟ್ಟಿಗೆಯೊಳಗೆ ಫ್ರಿಜ್ಜೂ ಒಲೆಯೂ ಒಟ್ಟಿಗೆ! ಅದೇ 24 ಡಿಗ್ರಿಗೆ ಶೇ 55 ಸಾಕೆಂದರೆ 14 ಡಿಗ್ರಿವರೆಗೆ ತಣಿಸಿದರಾಯಿತು. ಗಾಜು ಬೆವರುವ ಭಯವೂ ಅಷ್ಟು ಕಡಿಮೆ. ರಾತ್ರಿ ಪೂರ್ತಿ ನಿಲ್ಲಿಸಲು ಧೈರ್ಯವಿಲ್ಲದಿದ್ದರೆ ಬ್ಲೋವರ್ ವೇಗವನ್ನು ಶೇ 80ಕ್ಕೆ ಇಳಿಸಲಿ, ಫ್ಯಾನು ತಿನ್ನುವ ಕರೆಂಟು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅದಕ್ಕೆ ಬೇಕಾದ, ಮೋಟಾರಿನ ವೇಗ ಇಳಿಸುವ ವಿ.ಎಫ್.ಡಿ. ಎಂಬ ಸಾಧನ ತರಿಸಿದ್ದಾರೆ. ತರಿಸಿ, ಬಳಸದೆ ಬೈಪಾಸ್‌ನಲ್ಲಿಟ್ಟಿದ್ದಾರೆ.

ಎಲ್ಲ ವಸ್ತುಗಳೂ ಈ ಸಡಿಲಿಕೆಯನ್ನು ತಾಳುವುದಿಲ್ಲ, ಒಪ್ಪುತ್ತೇನೆ. ಉಪ್ಪಿನಂಶ ಹೊಕ್ಕಿರುವ ಕಂಚು ಶೇ 50ರಲ್ಲೂ ಹಸಿರು ಪುಡಿ ಉದುರಿಸುತ್ತದೆ. ಅಂಥವಕ್ಕೆ ಶೋಕೇಸಿನೊಳಗೇ ಬೇರೆ ಹವೆ ಮಾಡಿಕೊಡಬೇಕು, ನಾಲ್ಕು ಕಂಚಿನ ವಿಗ್ರಹಗಳಿಗಾಗಿ ಇಡೀ ಕಟ್ಟಡವನ್ನು ಒಣಗಿಸುವುದಲ್ಲ. ಬಾಗಿಲ ಅಂಚಿನ ರಬ್ಬರ್ ಪಟ್ಟಿ (ಗ್ಯಾಸ್ಕೆಟ್) ಬಿಗಿಯಾಗಿದ್ದು ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು ಇದ್ದರೆ ಒಳ್ಳೆಯ ಶೋಕೇಸು ಕರೆಂಟಿಲ್ಲದೆ ವಾರಗಟ್ಟಲೆ ತಡೆಯುತ್ತದೆ. ಘನ ಮೀಟರ್ ಜಾಗಕ್ಕೆ ಸಾಧಾರಣ ಜೆಲ್ 20 ಕಿಲೋ ಎಂಬುದು ಹಳೆಯ ಲೆಕ್ಕ. ನಮ್ಮಲ್ಲಿರುವುದು ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುವ ಪೊಟ್ಟಣದಷ್ಟು. ಅದೂ ಕೋಬಾಲ್ಟ್ ಬೆರೆತ ನೀಲಿ ಹರಳು, ಅದರ ವಿಷಗುಣ ತಿಳಿದವರು ಬಿಟ್ಟು ಎಷ್ಟೋ ಕಾಲವಾಯಿತು. ಗ್ಯಾಸ್ಕೆಟ್ ಹರಿದ ಕಡೆ ಸೆಲ್ಲೋಟೇಪ್ ಅಂಟಿಸಿದೆ. ಇನ್ನೊಂದು ಮಾತು. ಜೆಲ್ ಬದಲಿಸುತ್ತೇವೆಂದು ಓವನ್‌ನಲ್ಲಿ ಕಾಯಿಸಿ ನೇರವಾಗಿ ಹಸ್ತಪ್ರತಿಯ ಕೆಳಗೆ ಇಟ್ಟಾರು ಜೋಕೆ! ಒಣಗಿ ಬೆಂಡಾದ ಜೆಲ್ ಹಸ್ತಪ್ರತಿಯಲ್ಲಿರುವ ತೇವವನ್ನೂ ಹೀರಿಬಿಡುತ್ತದೆ. ಮೊದಲು ಅದನ್ನು ಶೇ 50 ತೇವಾಂಶದ ಗಾಳಿಯಲ್ಲಿಟ್ಟು ಹದ ಮಾಡಿಕೊಳ್ಳಬೇಕು, ಅದಕ್ಕೆ ದಿನಗಳೇ ಹಿಡಿಯುತ್ತವೆ. ತುರ್ತು ಸಭೆಯಲ್ಲಿ ಮುಗಿಯುವ ಕೆಲಸ ಇದಲ್ಲ.

ಇವನ್ನೆಲ್ಲ ಅಳೆಯುವವರು ಯಾರು? ಬಾಗಿಲ ಬಳಿ ತೇವಾಂಶದ ರಿಜಿಸ್ಟರ್ ನೇತುಹಾಕಿದ್ದಾರೆ. ಬೆಳಿಗ್ಗೆ 50, ಸಂಜೆ 50, ಗುಡುಗು ಮಳೆ ಬಂದ ದಿನವೂ 50. ತಿಂಗಳಿಡೀ ಒಂದೇ ಪೆನ್ನು, ಒಂದೇ ಕೈ. ತೇವಾಂಶ ಅಳೆಯಲು ಗೋಡೆಯ ಮೇಲಿಟ್ಟ ವೆಟ್ ಬಲ್ಬ್ ಥರ್ಮಾಮೀಟರಿನ, ಸದಾ ಒದ್ದೆಯಿರಬೇಕಾದ ಬತ್ತಿ ಒಣಗಿ ಹಪ್ಪಳವಾಗಿದೆ. ತಾವಾಗಿಯೇ ಅಳೆದು ದಾಖಲಿಸುವ ಡೇಟಾ ಲಾಗರ್‌ಗಳ ಬ್ಯಾಟರಿ ಸತ್ತಿದೆ. ಗಾಜು ಬೆವರಿದ ರಾತ್ರಿಯೂ ರಿಜಿಸ್ಟರಿನಲ್ಲಿ 50 ಇದ್ದರೆ ಆಶ್ಚರ್ಯಪಡಬೇಡಿ.

ಎ.ಸಿ.ಗೆ ವರ್ಷಕ್ಕೆ ಎರಡು ಸಲ ‘ಗ್ಯಾಸ್ ತುಂಬಿಸುವ’ ಪದ್ಧತಿಯೂ ಉಂಟು. ಅಲ್ಲ ಸ್ವಾಮಿ, ಅದೇನು ಪೆಟ್ರೋಲೇ ಖರ್ಚಾಗುವುದಕ್ಕೆ? ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದರ್ಥ. ಆರ್-410ಎ ಎಂಬ ಎ.ಸಿ. ಗ್ಯಾಸ್ ಒಂದು ಕಿಲೋ ಸೋರಿದರೆ ಎರಡು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಕೇಡು. ಸೋರುವ ಜಾಗ ಹುಡುಕಿ ಬೆಸುಗೆ ಹಾಕಿಸುವ ಬದಲು ಸಿಲಿಂಡರ್ ತರಿಸುತ್ತಾರೆ, ಬಿಲ್ಲಿಗೆ ಸಹಿ ಹಾಕುತ್ತಾರೆ.

ಇತ್ತ ನೋಡಲು ಬಂದವರ ಪಾಡು ಕೇಳಿ. ಆನ್‌ಲೈನ್‌ನಲ್ಲಿ ಟಿಕೆಟ್ ಕೊಂಡವರೂ ಅದನ್ನು ಕಾಗದದಲ್ಲಿ ಮುದ್ರಿಸಿ ತರಬೇಕು. ಮುದ್ರಿಸಿ ತಂದು ಸಾಲಿನಲ್ಲಿ ಒಂದು ಗಂಟೆ ನಿಂತವರಿಗೆ ‘ತಾಂತ್ರಿಕ ಕಾರಣ’ ಎಂಬ ಫಲಕ. ದುಡ್ಡು ವಾಪಸ್ಸಿಲ್ಲ. ಮನೆಯಿಂದ ತಂದ ಸ್ಟೀಲ್ ಬಾಟಲಿಯನ್ನು ಗೇಟಿನಲ್ಲಿ ಕಿತ್ತಿಟ್ಟುಕೊಂಡು ಒಳಗೆ ಪ್ಲಾಸ್ಟಿಕ್ ಬಾಟಲಿ ನೀರು ಮಾರುತ್ತಾರೆ. ಲಿಫ್ಟ್ ಕೆಟ್ಟು ಎಷ್ಟು ದಿನವಾಯಿತೆಂದು ಕೇಳಿದರೆ ಕಾವಲುಗಾರ ನಗುತ್ತಾನೆ, ಅವನ ತಪ್ಪೇನಿಲ್ಲ. ವಯಸ್ಸಾದವರು ಮೆಟ್ಟಿಲು ಹತ್ತಿ ಹೋಗಿ ಮುಚ್ಚಿದ ಬಾಗಿಲು ನೋಡಿ ಇಳಿದು ಬಂದರು.

ಚಾವಣಿಯ ಸೋಲಾರ್ ಫಲಕಗಳ ಉದ್ಘಾಟನೆಯ ಫೋಟೊ ನಿಮ್ಮ ಪತ್ರಿಕೆಯಲ್ಲೂ ಬಂದಿತ್ತು. ಬೋಲ್ಟ್ ಕೂರಿಸಲು ವಾಟರ್‌ಪ್ರೂಫಿಂಗ್ ಪದರ ಕೊರೆದ ಕಡೆಗಳಲ್ಲಿ ಈಗ ನೀರು ಜಿನುಗುತ್ತಿದೆ. ಕೆಳಗೆ ನೀಲಿ ಬಕೆಟ್ ಇಟ್ಟಿರುವ ಜಾಗ ಪುಸ್ತಕ ದಾಸ್ತಾನಿನ ನೆತ್ತಿಯ ಮೇಲೇ. ಪರಿಸರ ದಿನಕ್ಕೆ ಪಿ.ವಿ.ಸಿ. ಫ್ಲೆಕ್ಸ್ ಕಟ್ಟಿ ಗಿಡ ನೆಟ್ಟರು. ಫ್ಲೆಕ್ಸ್ ಇದೆ, ಗಿಡ ಇಲ್ಲ. ಪ್ರತಿ ಪ್ರದರ್ಶನಕ್ಕೂ ಹೊಸ ಎಂ.ಡಿ.ಎಫ್. (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಗೋಡೆ ಎಬ್ಬಿಸಿ, ಮುಗಿದ ಮರುದಿನ ಒಡೆದು ಲಾರಿಗೆ ತುಂಬುತ್ತಾರೆ. ಹೊಸ ಎಂ.ಡಿ.ಎಫ್. ಬಿಡುವ ಆಮ್ಲದ ಆವಿ ಸೀಸಕ್ಕೂ ಚಿಪ್ಪುಗಳಿಗೂ ಶತ್ರು. ಆವಿಯ ಬಹುಪಾಲನ್ನು ಬಿಟ್ಟಿರುವ ಹಳೆಯ ಗೋಡೆಯನ್ನೇ ಬಿಚ್ಚಿ ಜೋಡಿಸಿದರೆ ದುಡ್ಡೂ ಉಳಿಯುತ್ತದೆ, ವಸ್ತುವೂ ಉಳಿಯುತ್ತದೆ. ಆದರೆ ಬಿಚ್ಚಿ ಜೋಡಿಸುವುದಕ್ಕೆ ಟೆಂಡರ್ ಎಲ್ಲಿ ಬರುತ್ತದೆ!

2022ರ ಆಗಸ್ಟ್‌ನಲ್ಲಿ ಪ್ರಾಗ್‌ನಲ್ಲಿ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ ಒಪ್ಪಿಕೊಂಡ ವಸ್ತುಸಂಗ್ರಹಾಲಯದ ಹೊಸ ವ್ಯಾಖ್ಯೆಯಲ್ಲಿ ಸುಸ್ಥಿರತೆ ಎಂಬ ಮಾತು ಸೇರಿತು. ನಮ್ಮವರು ಅದನ್ನು ಹಿತ್ತಾಳೆಯಲ್ಲಿ ಕೆತ್ತಿಸಿ ಮುಂಬಾಗಿಲಿಗೆ ಜಡಿದಿದ್ದಾರೆ. ಫಲಕ ಹೊಳೆಯಲೆಂದು 50 ವಾಟಿನ ಮೂರು ಹ್ಯಾಲೊಜನ್ ದೀಪ ಬೇರೆ, ಹಗಲು ಹೊತ್ತಿನಲ್ಲೂ. 7 ವಾಟಿನ ಎಲ್.ಇ.ಡಿ. ಅಷ್ಟೇ ಬೆಳಕು ಕೊಡುತ್ತದೆ. ಪಾಪ, ಬೆಳಕಿನ ಪ್ರಮಾಣ 50 ಲಕ್ಸ್ ದಾಟಬಾರದ ಹಸ್ತಪ್ರತಿಗಳ ಮೇಲೂ ಇದೇ ಹ್ಯಾಲೊಜನ್ ಉರಿಯುತ್ತಿದೆ. ಆ ದೀಪಗಳ ಬಿಸಿಯನ್ನು ಹೊರಹಾಕಲು ಮತ್ತದೇ ಎ.ಸಿ. ದುಡಿಯಬೇಕು. ಈ ವಿಷಯವನ್ನು ಅರ್ಥಮಾಡಿಕೊಂಡಿದ್ದ ಒಬ್ಬ ಅಧಿಕಾರಿ ಇದ್ದರು, ಅವರನ್ನು ಬೇರೆ ಇಲಾಖೆಗೆ ವರ್ಗ ಮಾಡಿದರು.

ಹಸ್ತಪ್ರತಿ ವಿಭಾಗವನ್ನು ಕೂಡಲೇ ತೆರೆಯಲಿ. ಇಲ್ಲವೇ ಡ್ಯಾಂಪರ್, ಗ್ಯಾಸ್ಕೆಟ್, ಲಾಗರ್ ಮೂರೂ ಸರಿಯಾಗುವ ತನಕ ತೆರೆಯದೇ ಇರಲಿ. ಎರಡರಲ್ಲಿ ಒಂದನ್ನಾದರೂ ತಿಳಿದು ಮಾಡಲಿ. ಯಾರ ಮೇಲಾದರೂ ಕ್ರಮ ಆಗಲೇಬೇಕು, ಮತ್ತೆ ಆ ಕಾವಲುಗಾರನ ಮೇಲೆ ಅಲ್ಲ. ಹಾಗೆಯೇ ಲಿಫ್ಟನ್ನೂ ಯಾರಾದರೂ ನೋಡಲಿ. ಹಗಲೂ ರಾತ್ರಿ ಎ.ಸಿ. ಓಡಿಸುತ್ತೇವೆಂದು ಹೇಳಿಕೆ ಕೊಡಲು ನಾಚಿಕೆಯಾದರೂ ಆಗಬೇಡವೇ ಇವರಿಗೆ?

ಇತಿ,
ನಿಮ್ಮ ಪತ್ರಿಕೆಯ ಓದುಗ